ಬಂದವರೂ ಇದ್ದವರೂ

(ಶಾಲೆಯ ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನಾದವನು ಪರೀಕ್ಷೆಯ ಫಲಿತಾಂಶವನ್ನೂ ಶಾಲೆಯ ಕೊರತೆಗಳನ್ನೂ ಹೇಳಿ ಕುಳಿತುಕೊಳ್ಳುವುದು ವಾಡಿಕೆ. ಅವೆಲ್ಲವೂ ಅಚ್ಚಾದ ವರದಿಯಲ್ಲಿ ತಮ್ಮ ಕೈಸೇರಿವೆ. ಆದುದರಿಂದ ಇಂದು ಬೇರೊಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಅಪ್ಪಣೆಯನ್ನು ಬೇಡುತ್ತೇನೆ. ಹೊರಗಿನಿಂದ ಬಂದ ಜನರು ಒಂದು ಊರಿನವರಾಗುವುದು ಹೇಗೆ? ಅವರು ಹಾಗಾಗುವುದಕ್ಕೆ ತಾವೇನು ಮಾಡಬೇಕು, ಮೊದಲಿನಿಂದ ಆ ಊರಿನಲ್ಲಿ ಇದ್ದವರೇನು ಮಾಡಬೇಕು? ಇದೇ ಇಂದಿನ ವಿಷಯ.

ಈ ಪ್ರಶ್ನೆಯನ್ನು ಕೇಳುವ ಅಧಿಕಾರ ನಮ್ಮ ಸೀಮೆಯವರಿಗೆ ಉಳಿದವರಿಗಿಂತ ಒಂದು ತೂಕ ಹೆಚ್ಚಾಗಿಯೇ ಇದೆ. ೧೯೫೬ನೆಯ ಇಸವಿಯ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೈದರಾಬಾದ್ ರಾಜ್ಯವು ಮೂರು ಪಾಲಾಯಿತು. ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಹಬೂಬನಗರ ಜಿಲ್ಲೆಗೆ ಸೇರಿ ಆಂಧ್ರಪ್ರದೇಶದ ಭಾಗವಾದುವು. ರಾಯಚೂರಿನ ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ೨೦೧೪ರ ಜೂನ್ ೨ರಂದು ತೆಲಂಗಾಣ ರಾಜ್ಯವು ಹುಟ್ಟಿತು. ಅನಂತರ ೨೦೧೬ರಲ್ಲಿ ಗದ್ವಾಲವೂ ೨೦೧೯ರಲ್ಲಿ ನಾರಾಯಣಪೇಟೆಯೂ ಜಿಲ್ಲಾ ಕೇಂದ್ರಗಳಾದುವು. ನಮ್ಮ ಹಿರಿಯರು ತಮ್ಮ ಮನೆಯ ಹೊಸ್ತಿಲನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಗಡಿಯೇ ಅವರ ಮನೆಯ ಮುಂದೆ ಹಾದುಹೋಯಿತು. ಕೃಷ್ಣಾ ನದಿಯು ತಂಗಡಿಯ ಬಳಿ ತೆಲಂಗಾಣವನ್ನು ಪ್ರವೇಶಿಸುವಾಗ ತನ್ನ ನೀರನ್ನು ಬದಲಿಸುವುದಿಲ್ಲ. ಹಾಗೆಯೇ ಕನ್ನಡವನ್ನಾಡುತ್ತಿದ್ದ ಮನೆಗಳು ಕನ್ನಡವನ್ನೇ ಆಡುತ್ತ ಉಳಿದುವು. ಆದರೆ ಆ ಮನೆಗಳ ಮಕ್ಕಳನ್ನು ಕಂಡು, "ನೀವು ಯಾವ ಕಡೆಯವರು?" ಎಂದು ಎರಡು ಕಡೆಯವರೂ ಕೇಳುವಂತಾಯಿತು.

ಇನ್ನೊಂದು ಕಾರಣವೂ ಉಂಟು. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗುವುದನ್ನು ನೀವೆಲ್ಲರೂ ಬಲ್ಲಿರಿ. ಮಹಬೂಬನಗರದ ಹಳೆಯ ಹೆಸರು ಪಾಲಮೂರು. "ಪಾಲಮೂರು ಕೂಲಿ" ಎಂಬ ಮಾತು ದೇಶದ ಅನೇಕ ಅಣೆಕಟ್ಟುಗಳ, ಕಾಲುವೆಗಳ, ರಸ್ತೆಗಳ ಕೆಲಸದ ಸ್ಥಳಗಳಲ್ಲಿ ಪ್ರಸಿದ್ಧವಾಯಿತು. ಮೇಸ್ತ್ರಿಯಿಂದ ಮುಂಗಡ ಪಡೆದು, ಮುದುಕರನ್ನು ಊರಿನಲ್ಲಿ ಬಿಟ್ಟು, ಮುಂಬಯಿಗೋ ಪುಣೆಗೋ ಬೆಂಗಳೂರಿಗೋ ಹೈದರಾಬಾದಿಗೋ ಹೋದವರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಅಲ್ಲಿ ಗುಡಿಸಲು ಹಾಕಿಕೊಂಡ ದಿನ ನೆರೆಯವರು ತಮ್ಮನ್ನು ಯಾವ ಕಣ್ಣಿನಿಂದ ನೋಡಿದರೆಂಬುದನ್ನು ಅವರು ಮರೆತಿರಲಾರರು.

ಈ ಎರಡು ಅನುಭವಗಳು ನಮಗಿರುವುದರಿಂದ, ಪರಸ್ಥಳದಲ್ಲಿ ನೆಲೆಯೂರಿದ ಕೆಲವು ಬೇಸಾಯಗಾರರ ಕಥೆಯು ನಮಗೆ ಬೇಗ ಅರ್ಥವಾದೀತು. ಮೊದಲನೆಯದು ಸಮುದ್ರದ ಆಚೆಗೆ ಹೋದ ಸಿಖ್ಖರದು. ಎರಡನೆಯದು ನಮ್ಮ ಕನ್ನಡ ನೆಲಕ್ಕೆ ಬಂದ ತಿಬೆಟ್ಟಿನವರದು.

ಸಿಖ್ಖರು ನಮಗೆ ಅಪರಿಚಿತರಲ್ಲ. ಬೀದರಿನ ನಾನಕ ಝರಾ ಅವರ ಪುಣ್ಯಕ್ಷೇತ್ರ. ೧೬೯೯ರಲ್ಲಿ ಗುರು ಗೋವಿಂದಸಿಂಹರ ಕರೆಗೆ ಓಗೊಟ್ಟು ತಲೆಯೊಪ್ಪಿಸಲು ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರೆಂದು ಸಂಪ್ರದಾಯವು ಹೇಳುತ್ತದೆ. ಗುರು ಗೋವಿಂದಸಿಂಹರು ೧೭೦೮ರಲ್ಲಿ ದೇಹಬಿಟ್ಟ ನಾಂದೇಡವೂ ೧೯೫೬ರವರೆಗೆ ನಮ್ಮ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದ ಊರು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಂಜಾಬಿನ ಹಳ್ಳಿಗಳಿಂದ ಕೆಲವು ಸಾವಿರ ಜನರು ಹಡಗು ಹತ್ತಿ ಅಮೆರಿಕಾ ಖಂಡದ ಪಶ್ಚಿಮ ಕರಾವಳಿಗೆ ಹೋದರು. ಅವರಲ್ಲಿ ಬಹುಮಂದಿ ಸಿಖ್ಖರು, ಒಕ್ಕಲು ಮನೆತನದವರು. ಮರ ಕೊಯ್ಯುವ ಕಾರ್ಖಾನೆಗಳಲ್ಲಿಯೂ ರೈಲುದಾರಿಯ ಮೇಲೆಯೂ ಅವರಿಗೆ ಕೆಲಸ ಸಿಕ್ಕಿತು. ಅವರು ಕಡಿಮೆ ಕೂಲಿಗೆ ದುಡಿದು ತಮ್ಮ ಅನ್ನವನ್ನು ಕಸಿಯುತ್ತಾರೆಂದು ಅಲ್ಲಿಯ ಬಿಳಿಯ ಕೆಲಸಗಾರರು ಭಾವಿಸಿದರು. ೧೯೦೭ರ ಸೆಪ್ಟೆಂಬರ್ ೪ರ ರಾತ್ರಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ ನೂರಾರು ಜನರ ಗುಂಪೊಂದು ಭಾರತೀಯರ ಬಿಡಾರಗಳಿಗೆ ನುಗ್ಗಿ ಅವರನ್ನು ಹೊರಗೆಳೆದು ಹೊಡೆಯಿತು. ಕೆಲವೇ ದಿನಗಳಲ್ಲಿ ಭಾರತೀಯರೆಲ್ಲರೂ ಆ ಊರನ್ನು ಬಿಟ್ಟುಹೋದರು. ತಲೆಯ ಪೇಟವೇ ಅವರ ಅಪರಾಧವೆಂಬಂತಿತ್ತು. ಕೆಲಸ ಸಿಗಲೆಂದು ಅನೇಕರು ಮನಸ್ಸಿಲ್ಲದ ಮನಸ್ಸಿನಿಂದ ಕೇಶವನ್ನು ಕತ್ತರಿಸಿ ಪೇಟವನ್ನು ತೆಗೆದಿಟ್ಟರು.

ದಕ್ಷಿಣಕ್ಕೆ, ಕ್ಯಾಲಿಫೋರ್ನಿಯಾಕ್ಕೆ ಬಂದವರು ಮತ್ತೆ ತಮ್ಮ ಕುಲಕಸುಬನ್ನೇ ಹಿಡಿದರು. ಮೊದಲು ಹೊಲದ ಕೂಲಿಗಳಾಗಿ, ಅನಂತರ ಗುತ್ತಿಗೆದಾರರಾಗಿ ಭತ್ತ, ಹತ್ತಿ ಮತ್ತು ಹಣ್ಣಿನ ಬೆಳೆಗಳನ್ನು ತೆಗೆದರು. ೧೯೧೨ರಲ್ಲಿ ಸ್ಟಾಕ್‌ಟನ್ ಎಂಬ ಪಟ್ಟಣದಲ್ಲಿ ಗುರುದ್ವಾರವನ್ನು ಕಟ್ಟಿದರು. ಅಲ್ಲಿಯ ಲಂಗರಿನಲ್ಲಿ, ಎಂದರೆ ಎಲ್ಲರಿಗೂ ತೆರೆದ ಅನ್ನದ ಮನೆಯಲ್ಲಿ, ಜಾತಿಮತಗಳ ಭೇದವಿಲ್ಲದೆ ಊಟ ದೊರೆಯುತ್ತಿತ್ತು. ಆದರೆ ದುಡಿಮೆಗೆ ಬಾಗಿಲು ತೆರೆದ ನಾಡು ಹಕ್ಕಿಗೆ ಬಾಗಿಲು ಮುಚ್ಚಿತು. ೧೯೧೩ರಲ್ಲಿ ಆ ರಾಜ್ಯವು ಮಾಡಿದ ಕಾನೂನಿನಂತೆ, ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ಬೇಸಾಯದ ಭೂಮಿಯನ್ನು ಕೊಳ್ಳುವಂತಿರಲಿಲ್ಲ. ಭಾರತೀಯರು ಅರ್ಹರೋ ಅಲ್ಲವೋ ಎಂಬ ಪ್ರಶ್ನೆಯು ಭಗತಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಎದ್ದಿತು. ಅವರು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿಯೇ ಸೇವೆ ಸಲ್ಲಿಸಿದವರು. ಆದರೂ ೧೯೨೩ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಅರ್ಹರಲ್ಲವೆಂದು ತೀರ್ಪಿತ್ತಿತು.

ಮಕ್ಕಳೇ, ಆಗ ಆ ರೈತರ ಪಾಡೇನಾಗಿರಬೇಕೆಂದು ಊಹಿಸಿರಿ. ಉಳುವವನು ತಾನು, ಆದರೆ ಕಾಗದದಲ್ಲಿ ತನ್ನ ಹೆಸರು ಬರುವಂತಿಲ್ಲ. ಇಂಥ ವೇಳೆಯಲ್ಲಿ ಕೆಲವರ ಭೂಮಿಯು ಉಳಿದುದು ನೆರೆಯವರಿಂದ. ನಂಬಿಕೆಯ ಬಿಳಿಯ ಸ್ನೇಹಿತರ, ವಕೀಲರ ಅಥವಾ ಬ್ಯಾಂಕಿನವರ ಹೆಸರಿನಲ್ಲಿ ಪತ್ರ ಬರೆಯಿಸಿ, ಬಾಯಿಮಾತಿನ ಮೇಲೆ ಅವರು ಬೇಸಾಯ ಮಾಡಿದರು. ಕೆಲವರು ಮೋಸಹೋದರು, ಕೆಲವರಿಗೆ ಆ ಮಾತು ಕೊನೆಯವರೆಗೂ ನಡೆಯಿತು. ಊರಿನಿಂದ ಹೆಂಡಿರನ್ನು ಕರೆತರಲು ಸಾಧ್ಯವಿಲ್ಲದೆ ಅನೇಕರು ತಮ್ಮಂತೆಯೇ ಹೊಲದಲ್ಲಿ ದುಡಿಯುತ್ತಿದ್ದ ಮೆಕ್ಸಿಕೋ ದೇಶದ ಸ್ತ್ರೀಯರನ್ನು ಮದುವೆಯಾಗಿ ಸಂಸಾರ ಹೂಡಿದರು. ಅಲ್ಲಿ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಪೌರರು. ಭೂಮಿಯು ಮಕ್ಕಳ ಹೆಸರಿಗೆ ಬಂದಿತು.

೧೯೪೬ರಲ್ಲಿ ಕಾನೂನು ಬದಲಾಗಿ ಭಾರತೀಯರಿಗೆ ಪೌರತ್ವದ ಹಕ್ಕು ದೊರೆಯಿತು. ಆ ತಿದ್ದುಪಡಿಗಾಗಿ ದುಡಿದವರಲ್ಲಿ ದಲೀಪಸಿಂಗ್ ಸೌಂದ್ ಎಂಬವರು ಒಬ್ಬರು. ಅವರು ಹುಟ್ಟಿದುದು ೧೮೯೯ರಲ್ಲಿ, ಅಮೃತಸರದ ಬಳಿಯ ಹಳ್ಳಿಯಲ್ಲಿ. ೧೯೨೦ರಲ್ಲಿ ಅಮೆರಿಕಕ್ಕೆ ಹೋಗಿ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟು ಓದಿದವರಿಗೂ ಅಲ್ಲಿ ತಕ್ಕ ಉದ್ಯೋಗ ದೊರೆಯದೆ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕಿಳಿದರು. ೧೯೪೯ರಲ್ಲಿ ಪೌರರಾದರು. ೧೯೫೬ರ ನವೆಂಬರಿನಲ್ಲಿ ಆ ರೈತರ ಕ್ಷೇತ್ರದ ಮತದಾರರೇ ಅವರನ್ನು ಅಮೆರಿಕದ ಸಂಸತ್ತಿಗೆ ಆರಿಸಿ ಕಳುಹಿಸಿದರು. ಏಷ್ಯಾ ಖಂಡದಲ್ಲಿ ಹುಟ್ಟಿ ಆ ಸಭೆಗೆ ಚುನಾಯಿತರಾದವರಲ್ಲಿ ಅವರೇ ಮೊದಲಿಗರು. ನಮ್ಮ ಸೀಮೆಯ ಮೇಲೆ ಹೊಸ ಗಡಿಯು ಹಾದುದೂ ಅದೇ ತಿಂಗಳಿನಲ್ಲಿ ಎಂಬುದನ್ನು ನೆನಪಿಡಿರಿ.

ಅಲ್ಲಿಗೆ ತಪ್ಪು ತಿಳಿವಳಿಕೆಯೆಲ್ಲ ಮುಗಿಯಿತೆಂದು ಹೇಳಿದರೆ ಅದು ಸತ್ಯವಾಗದು. ೨೦೦೧ರಲ್ಲಿ ಭಯೋತ್ಪಾದಕರು ನ್ಯೂಯಾರ್ಕಿನ ಮೇಲೆ ದಾಳಿ ಮಾಡಿದ ಬಳಿಕ, ಆ ಕೃತ್ಯಕ್ಕೆ ಯಾವ ಸಂಬಂಧವೂ ಇಲ್ಲದ ಸಿಖ್ಖರ ಮೇಲೆ ಕೇವಲ ಪೇಟವನ್ನು ಕಂಡು ಹಲ್ಲೆಗಳಾದುವು. ೨೦೧೨ರ ಆಗಸ್ಟಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ಗುರುದ್ವಾರವೊಂದಕ್ಕೆ ಬಂದೂಕುಧಾರಿಯೊಬ್ಬನು ನುಗ್ಗಿ ಪ್ರಾರ್ಥನೆಗೆ ಬಂದವರನ್ನು ಕೊಂದನು. ಆದರೂ ಕ್ಯಾಲಿಫೋರ್ನಿಯಾದ ಯೂಬಾ ಸಿಟಿಯೆಂಬ ರೈತರ ಪಟ್ಟಣದಲ್ಲಿ ೧೯೮೦ರಿಂದ ಪ್ರತಿ ನವೆಂಬರಿನಲ್ಲಿ ಸಿಖ್ಖರ ಮೆರವಣಿಗೆ ನಡೆದು ಬಂದಿದೆ. ಸಾವಿರಾರು ಜನರು ಕೂಡಿ, ಬಂದವರೆಲ್ಲರಿಗೂ ಬೀದಿಯಲ್ಲಿಯೇ ಅನ್ನವಿಕ್ಕುತ್ತಾರೆ. ಹಿಂದೊಮ್ಮೆ ಕೂಲಿಗಳೆಂದು ಕೀಳಾಗಿ ಕಂಡ ಜನರೇ ಇಂದು ಆ ಸೀಮೆಯ ಹಣ್ಣಿನ ತೋಟಗಳ ದೊಡ್ಡ ಬೇಸಾಯಗಾರರಾಗಿದ್ದಾರೆ.

ಇದು ದೂರದ ಕಥೆಯಾಯಿತು. ಅಲ್ಲಿ ಬಂದವರಿಗೆ ಭೂಮಿಯನ್ನು ಕಾನೂನು ನಿರಾಕರಿಸಿತು. ನಮ್ಮ ಕನ್ನಡ ನಾಡಿನಲ್ಲಿ ನಡೆದುದು ಇದಕ್ಕೆ ತಿರುವುಮುರುವು. ಇಲ್ಲಿ ಸರ್ಕಾರವೇ ಮುಂದೆ ಬಂದು ಭೂಮಿಯನ್ನು ಕೊಟ್ಟಿತು. ಆದರೆ ಭೂಮಿ ಸಿಕ್ಕಿದ ಮಾತ್ರಕ್ಕೆ ಅವರು ಊರಿನವರಾದರೇ ಎಂಬುದನ್ನು ಈಗ ನೋಡೋಣ.

೧೯೫೯ರ ಮಾರ್ಚಿನಲ್ಲಿ ತಿಬೆಟ್ಟಿನ ಲ್ಹಾಸಾ ನಗರದಲ್ಲಿ ಚೀನೀಯರ ಆಡಳಿತದ ವಿರುದ್ಧ ದಂಗೆಯೆದ್ದು, ದಲಾಯಿ ಲಾಮಾ ಅವರು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು ೮೦,೦೦೦ ಜನರು ಬಂದರು. ಅವರಲ್ಲಿ ಅನೇಕರು ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ಕೆಲಕಾಲ ಕಳೆದರು. ಅನೇಕರು ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆದರು. ಇವರಿಗೆ ನೆಲೆ ಬೇಕೆಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದವುಗಳಲ್ಲಿ ಮೈಸೂರು ರಾಜ್ಯವು ಪ್ರಮುಖವಾದುದು. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆಗಳನ್ನು ಆ ರಾಜ್ಯವು ಕೊಟ್ಟಿತು. ೧೯೬೦ರಲ್ಲಿ ಅಲ್ಲಿ ಮೊದಲನೆಯ ವಸತಿಯು ಆರಂಭವಾಯಿತು.

ಕೊಟ್ಟುದು ಉತ್ತ ಹೊಲವಲ್ಲ, ಕಾಡು. ಲ್ಹಾಸಾ ಇರುವುದು ಸುಮಾರು ೧೨,೦೦೦ ಅಡಿ ಎತ್ತರದಲ್ಲಿ. ಚಳಿಗೆ ಒಗ್ಗಿ, ಬಾರ್ಲಿಯ ಹಿಟ್ಟು ತಿಂದು, ಉಣ್ಣೆಯ ನಿಲುವಂಗಿ ತೊಟ್ಟು ಬೆಳೆದ ಜನರು ಇಲ್ಲಿಯ ಬಿಸಿಲಿಗೂ ಮಳೆಗೂ ಬಂದುಬಿದ್ದರು. ಗುಡಾರಗಳಲ್ಲಿದ್ದುಕೊಂಡು ಮರ ಕಡಿದರು, ಬೇರು ಕಿತ್ತರು, ಪೊದೆಗಳನ್ನು ಸುಟ್ಟರು. ಸೆಕೆಯಿಂದಲೂ ಕ್ಷಯರೋಗದಿಂದಲೂ ಬಹಳ ಜನ ಸತ್ತರು. ಬೆಳೆ ಬಂದಿತೆನ್ನುವಷ್ಟರಲ್ಲಿ ಕಾಡಾನೆಗಳೂ ಹಂದಿಗಳೂ ನುಗ್ಗಿದುವು. ಅಕ್ಷರ ತಿಳಿದ ಸಂನ್ಯಾಸಿಗಳೂ ಕುರಿ ಕಾಯ್ದ ಅಲೆಮಾರಿಗಳೂ ಒಟ್ಟಿಗೇ ಗುದ್ದಲಿ ಹಿಡಿದರು. ಕಾಲಕ್ರಮದಲ್ಲಿ ಮುಸುಕಿನ ಜೋಳವು ಆ ನೆಲಕ್ಕೆ ಒಗ್ಗಿತು. ಅದೇ ಅವರ ಮುಖ್ಯ ಬೆಳೆಯಾಯಿತು. ಸಹಕಾರ ಸಂಘಗಳನ್ನು ಕಟ್ಟಿಕೊಂಡು ಟ್ರ್ಯಾಕ್ಟರುಗಳನ್ನೂ ಬೀಜಗೊಬ್ಬರಗಳನ್ನೂ ಹಂಚಿಕೊಂಡರು. ೧೯೬೬ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ, ೧೯೬೯ರಲ್ಲಿ ಬೈಲಕುಪ್ಪೆಯಲ್ಲಿಯೇ ಮತ್ತೊಂದು, ೧೯೭೨ರಲ್ಲಿ ಹುಣಸೂರು ಸೀಮೆಯಲ್ಲಿ, ೧೯೭೪ರಲ್ಲಿ ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ, ಹೀಗೆ ಒಟ್ಟು ಐದು ಬೇಸಾಯದ ವಸತಿಗಳು ಕರ್ನಾಟಕದಲ್ಲಿ ಆದುವು.

ಸುತ್ತಣ ಹಳ್ಳಿಯವರು ಇವರನ್ನು ಹೇಗೆ ಕಂಡರು? ಮೊದಲಿಗೆ ಮುಖಚಹರೆ ಬೇರೆ, ಉಡುಪು ಬೇರೆ, ಆಹಾರ ಬೇರೆ, ಮಾತಿನ ಒಂದಕ್ಷರವೂ ತಿಳಿಯದು. ಅದಕ್ಕೂ ಮಿಗಿಲಾದ ಒಂದು ನೋವು ಭೂಮಿಯಿಲ್ಲದ ಹಳ್ಳಿಯವನ ಎದೆಯಲ್ಲಿತ್ತು. "ತಲೆತಲಾಂತರದಿಂದ ಇಲ್ಲಿರುವ ನನಗೆ ತುಂಡು ನೆಲವಿಲ್ಲ, ಎಲ್ಲಿಂದಲೋ ಬಂದವರಿಗೆ ಸರ್ಕಾರವು ಎಕರೆಗಟ್ಟಲೆ ಕೊಟ್ಟಿತು" ಎಂಬುದೇ ಆ ನೋವು. ಇದನ್ನು ಕೇವಲ ಅಸೂಯೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ದೇಶಭ್ರಷ್ಟನ ದುಃಖವು ದೊಡ್ಡದೆಂದ ಮಾತ್ರಕ್ಕೆ ಸ್ಥಳೀಯ ಬಡವನ ದುಃಖವು ಚಿಕ್ಕದಾಗುವುದಿಲ್ಲ. ಬಂದವರ ಕಥೆಯನ್ನು ಹೇಳುವಾಗ ಇದ್ದವರ ದೂರನ್ನು ಕೇಳದೆ ಹೋದರೆ, ಆ ದೂರು ಒಳಗೇ ಕುದಿದು ಒಂದು ದಿನ ದ್ವೇಷವಾಗುತ್ತದೆ. ಬೆಲ್ಲಿಂಗ್‌ಹ್ಯಾಮಿನಲ್ಲಿ ಕೂಲಿಯ ಭಯವು ದೊಣ್ಣೆಯಾಯಿತಲ್ಲವೇ?

ಬೈಲಕುಪ್ಪೆಯಲ್ಲಿ ಎರಡು ಕಡೆಯವರನ್ನು ಹತ್ತಿರಕ್ಕೆ ತಂದುದು ದಿನನಿತ್ಯದ ವ್ಯವಹಾರ. "ಊರಿಗೆ ಬಂದವಳು ನೀರಿಗೆ ಬಾರದಿರುವಳೇ" ಎಂದು ನಮ್ಮ ಗಾದೆ. ಬಂದವರು ಉಪ್ಪು ಬೆಂಕಿಕಡ್ಡಿಗೆ ಕುಶಾಲನಗರದ ಸಂತೆಗೆ ಬರಲೇಬೇಕು. ಬಂದಾಗ ಲೆಕ್ಕದ ಅಂಕಿಗಳನ್ನೂ ಬೆಲೆ ಕೇಳುವ ಮಾತನ್ನೂ ಕನ್ನಡದಲ್ಲಿ ಕಲಿಯಲೇಬೇಕು. ಸುಗ್ಗಿಯಲ್ಲಿ ಅವರ ಹೊಲಕ್ಕೆ ಆಳು ಬೇಕು; ಹಳ್ಳಿಯವರಿಗೆ ಕೆಲಸ ಬೇಕು. ಜೋಳ ಮಾರಲು ವರ್ತಕರು ಬೇಕು. ವರ್ತಕರಿಗೆ ಸರಕು ಬೇಕು. ಚಳಿಗಾಲದಲ್ಲಿ ಅವರು ದೇಶದ ಪಟ್ಟಣಗಳನ್ನೆಲ್ಲ ತಿರುಗಿ ಸ್ವೆಟರುಗಳನ್ನು ಮಾರಿದರು. ಅನಂತರ ಅವರ ದೇವಾಲಯವನ್ನು ನೋಡಲು ಪ್ರವಾಸಿಗಳ ಗುಂಪು ಬರತೊಡಗಿ, ಆ ಹಾದಿಯ ಆಟೋದವರಿಗೂ ಹೋಟೆಲಿನವರಿಗೂ ಸಂಪಾದನೆಯಾಯಿತು. ಹೀಗೆ ಒಬ್ಬರ ಏಳಿಗೆಯಲ್ಲಿ ಇನ್ನೊಬ್ಬರಿಗೂ ಪಾಲು ದೊರೆತಾಗ ಸಂಶಯವು ತಾನಾಗಿಯೇ ಸಡಿಲಿತು.

ಇಲ್ಲಿ ಒಂದು ಸಂಸ್ಥೆಯ ಉದಾಹರಣೆಯನ್ನು ಹೇಳಬೇಕು. ಮೈರಾಡ ಎಂಬ ಸಂಸ್ಥೆಯು ೧೯೬೮ರಲ್ಲಿ ಹುಟ್ಟಿದುದು ತಿಬೆಟ್ಟಿನವರ ಪುನರ್ವಸತಿಗಾಗಿ. ಆ ಕೆಲಸವು ಒಂದು ಹಂತಕ್ಕೆ ಬಂದ ಮೇಲೆ ಅದು ಸುತ್ತಣ ಹಳ್ಳಿಗಳ ಬಡವರ ಕಡೆಗೆ ತಿರುಗಿತು. ಕೆರೆ, ಜಮೀನು, ಮಹಿಳೆಯರ ಉಳಿತಾಯದ ಗುಂಪುಗಳು, ಇವೇ ಮುಂದೆ ಅದರ ಮುಖ್ಯ ಕಾರ್ಯವಾದುವು. ಬಂದವರಿಗೆ ಮಾಡಿದ ಸಹಾಯವು ಇದ್ದವರನ್ನೂ ಮುಟ್ಟಬೇಕೆಂಬ ಪಾಠವು ಇದರಲ್ಲಿದೆ.

ಆದರೂ ಬೈಲಕುಪ್ಪೆಯ ತಿಬೆಟ್ಟಿನವರ ಸ್ಥಿತಿಯು ಪೂರ್ಣವಾಗಿ ಇತ್ಯರ್ಥವಾದುದಲ್ಲ. ಅವರಲ್ಲಿ ಬಹುಜನರು ಇಂದಿಗೂ ಪೌರರಲ್ಲ. ನೋಂದಣಿಯ ಪತ್ರವನ್ನು ಆಗಾಗ್ಗೆ ನವೀಕರಿಸಿಕೊಳ್ಳುತ್ತ ಬಾಳುತ್ತಾರೆ. ಅವರ ಭೂಮಿಯು ಸರ್ಕಾರದ್ದು. ೨೦೧೪ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಪುನರ್ವಸತಿ ನೀತಿಯು ಗುತ್ತಿಗೆಯ ಪತ್ರಗಳನ್ನು ಮಾಡಿಕೊಡುವ ಏರ್ಪಾಡನ್ನು ಹೇಳಿತು. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂಬ ಕಾನೂನು ಇವರಿಗೂ ಅನ್ವಯಿಸುವುದೆಂದು ದೆಹಲಿಯ ಉಚ್ಚ ನ್ಯಾಯಾಲಯವು ೨೦೧೦ರಲ್ಲಿ ತೀರ್ಪಿತ್ತಿತು. ಹಕ್ಕಿದ್ದರೂ ಕೆಲವರು ಅದನ್ನು ಕೇಳದೆ ಇರುತ್ತಾರೆ. ಊರಿಗೆ ಮರಳುವ ಆಸೆಯನ್ನು ಬಿಟ್ಟಂತಾಗುವುದೆಂದು ಅವರ ಮನಸ್ಸು ಹಿಂಜರಿಯುತ್ತದೆ. ಯುವಕರು ಹೊರದೇಶಗಳಿಗೆ ಹೋಗುತ್ತಿರುವುದರಿಂದ ವಸತಿಗಳಲ್ಲಿ ಜನಸಂಖ್ಯೆಯೂ ಇಳಿಯುತ್ತಿದೆ. ಆದರೆ ಅಲ್ಲಿಯ ಪ್ರಾರ್ಥನೆಯ ಬಾವುಟಗಳು ಮುಸುಕಿನ ಜೋಳದ ಹೊಲಗಳ ಮೇಲೆ ಹಾರುತ್ತಿವೆ. ಅಲ್ಲಿಯ ಹಿರಿಯರು ಮನೆಯಲ್ಲಿ ತಿಬೆಟ್ಟಿನ ಮಾತನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುತ್ತಾರೆ.

ಇನ್ನೂ ಹತ್ತಿರದ ನಿದರ್ಶನವು ಬೇಕಾದರೆ ನಮ್ಮ ನೆರೆಯ ರಾಯಚೂರು ಜಿಲ್ಲೆಯ ಸಿಂಧನೂರನ್ನು ನೋಡಿರಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಭೂಮಿ ಕೊಂಡು ನೆಲಸಿದರು. ಅವರು ನೆಲಸಿದ ಜಾಗಗಳಿಗೆ ಕ್ಯಾಂಪುಗಳೆಂದೇ ಹೆಸರಾಯಿತು. ಪೂರ್ವ ಪಾಕಿಸ್ತಾನವನ್ನು ಬಿಟ್ಟುಬಂದ ಬಂಗಾಳಿ ನಿರಾಶ್ರಿತರಿಗೂ ಸರ್ಕಾರವು ಅದೇ ತಾಲ್ಲೂಕಿನಲ್ಲಿ ನೆಲೆ ಕಲ್ಪಿಸಿತು. ಇಂದು ಅಲ್ಲಿಯ ಗದ್ದೆಗಳಲ್ಲಿ ಕನ್ನಡ, ತೆಲುಗು, ಬಂಗಾಳಿ ಮೂರೂ ಮಾತುಗಳು ಕೇಳಿಬರುತ್ತವೆ. ಅಕ್ಕಿಯ ಮೂಟೆಯ ಮೇಲೆ ಮಾತ್ರ ಯಾವ ಜಾತಿಯ ಗುರುತೂ ಇರುವುದಿಲ್ಲ.

ಅಷ್ಟೇಕೆ, ನಾರಾಯಣಪೇಟೆಯ ಸೀರೆಯನ್ನೇ ತೆಗೆದುಕೊಳ್ಳಿರಿ. ಶಿವಾಜಿಯ ದಂಡಿನೊಡನೆ ಮರಾಠಿ ಸೀಮೆಯಿಂದ ಬಂದ ನೇಕಾರರು ಇಲ್ಲಿಯೇ ಉಳಿದು ಈ ಕಸುಬನ್ನು ಬೆಳೆಸಿದರೆಂದು ಐತಿಹ್ಯ. ಆ ಚೌಕಳಿಯೂ ಆ ಅಂಚೂ ಇಂದು ನಮ್ಮ ಊರಿನ ಹೆಸರಿನಿಂದಲೇ ದೇಶವನ್ನೆಲ್ಲ ಸುತ್ತುತ್ತವೆ. ಅದನ್ನುಟ್ಟ ಯಾವ ತಾಯಿಯೂ "ಇದು ಹೊರಗಿನವರ ಸೀರೆ" ಎನ್ನುವುದಿಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದೊಂದೇ. ಊರಿನವನಾಗಲು ಯಾರೂ ತನ್ನತನವನ್ನು ಕಳೆದುಕೊಳ್ಳಬೇಕಾಗಿಲ್ಲ. ಆದರೆ ಊರಿನ ಕೆಲಸದಲ್ಲಿ, ಊರಿನ ಮಾತಿನಲ್ಲಿ, ಊರಿನ ಕಷ್ಟಸುಖದಲ್ಲಿ ಪಾಲುಗೊಳ್ಳಬೇಕು. ಹಾಗೆ ಪಾಲುಗೊಳ್ಳಲು ಬಂದವನಿಗೆ ಇದ್ದವರು ಜಾಗ ಬಿಡಬೇಕು. ಸರ್ಕಾರವು ಭೂಮಿಯನ್ನು ಕೊಡಬಲ್ಲದು, ಪೌರತ್ವವನ್ನು ಕೊಡಬಲ್ಲದು, ಅವು ಅವಶ್ಯವಾದುವೇ. ಅವಿಲ್ಲದಿದ್ದರೆ ಏನಾಗುವುದೆಂಬುದನ್ನು ಕ್ಯಾಲಿಫೋರ್ನಿಯಾದ ರೈತರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅನುಭವಿಸಿದರು. ಆದರೆ "ನಮ್ಮವನು" ಎಂಬ ಮಾತನ್ನು ನೆರೆಯವನೇ ಆಡಬೇಕು.

ಈಗ ನಮ್ಮ ಶಾಲೆಗೆ ಬರೋಣ. ಪೋಷಕರೇ, ನಮ್ಮ ಮಕ್ಕಳು ತೆಲಂಗಾಣದಲ್ಲಿ ಕನ್ನಡದಲ್ಲಿ ಓದುತ್ತಿದ್ದಾರೆ. ಇದು ಯಾರೋ ಕೊಟ್ಟ ಭಿಕ್ಷೆಯಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವ ಅನುಕೂಲವನ್ನು ಕಲ್ಪಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ ೩೫೦ಎ ವಿಧಿಯು ಹೇಳುತ್ತದೆ. ೧೯೫೬ರ ತಿದ್ದುಪಡಿಯಿಂದಲೇ ಅದು ಬಂದಿತು. ಆದರೆ "ಇಲ್ಲಿ ಕನ್ನಡವೇಕೆ?" ಎಂದು ಕೇಳುವವರಿದ್ದಾರೆ. ಅವರ ಮೇಲೆ ಸಿಟ್ಟಾಗುವುದರಿಂದ ಪ್ರಯೋಜನವಿಲ್ಲ. ನಮ್ಮ ಮಕ್ಕಳು ಕನ್ನಡವನ್ನು ಶುದ್ಧವಾಗಿ ಓದಿ ಬರೆಯಲಿ. ಜೊತೆಗೆ ತೆಲುಗನ್ನು ನೆರೆಯವರು ಮೆಚ್ಚುವಂತೆ ಕಲಿಯಲಿ. ತೆಲುಗು ಕಲಿತರೆ ಕನ್ನಡವು ಕೆಡುವುದೆಂಬ ಭಯವು ಬೇಡ. ಕನ್ನಡ ಓದಿದರೆ ಬಾಳು ಕೆಡುವುದೆಂಬ ಭಯವೂ ಬೇಡ. ಎರಡು ನದಿಗಳ ನೀರು ಕುಡಿದು ಬೆಳೆದ ಸೀಮೆ ನಮ್ಮದು. ಎರಡು ಭಾಷೆಗಳನ್ನು ಹೊರುವ ಶಕ್ತಿ ನಮ್ಮ ಮಕ್ಕಳಿಗೆ ಇದ್ದೇ ಇದೆ.

ಗುಳೆ ಹೋಗುವ ತಾಯಿತಂದೆಗಳಲ್ಲಿ ಒಂದು ಪ್ರಾರ್ಥನೆ. ಹೊಟ್ಟೆಪಾಡಿಗೆ ಹೋಗಬೇಡಿರೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಹೊರಡುವ ಮುನ್ನ ಒಮ್ಮೆ ಶಾಲೆಗೆ ಬಂದು ಹೇಳಿರಿ. ಮಗುವನ್ನು ಅಜ್ಜಿಯ ಬಳಿಯೋ ವಸತಿನಿಲಯದಲ್ಲಿಯೋ ಬಿಡುವ ದಾರಿಯಿದೆಯೇ ಎಂದು ಕೂಡಿ ಯೋಚಿಸೋಣ. ಕರೆದೊಯ್ಯಲೇಬೇಕಾದರೆ ವರ್ಗಾವಣೆಯ ಪತ್ರವನ್ನು ಪಡೆದು ಅಲ್ಲಿಯ ಶಾಲೆಗೆ ಸೇರಿಸಿರಿ. ಕೆಲಸದ ಜಾಗದಲ್ಲಿ ಮರಳಿನ ಗುಡ್ಡೆಯ ಮೇಲೆ ಕಳೆದ ಆರು ತಿಂಗಳು ಮಗುವಿನ ಪಾಲಿಗೆ ಆರು ತಿಂಗಳಲ್ಲ. ಅನೇಕ ವೇಳೆ ಅಲ್ಲಿಯೇ ಅವನ ಓದು ಮುಗಿಯುತ್ತದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ತರಗತಿಗೆ ವರ್ಷದ ನಡುವೆ ಹೊಸ ಹುಡುಗನೋ ಹುಡುಗಿಯೋ ಬರುವುದುಂಟು. ಅವರ ತಂದೆ ಸೇತುವೆಯ ಕೆಲಸಕ್ಕೆ ಬಂದವನಿರಬಹುದು, ಇಟ್ಟಿಗೆಯ ಗೂಡಿನಲ್ಲಿ ದುಡಿಯುವವನಿರಬಹುದು. ಆ ಮಗುವಿನ ಮಾತಿನಲ್ಲಿ ಒಡಿಯಾದ ಎಳೆತವೋ ಹಿಂದಿಯ ಒತ್ತೋ ಇದ್ದೀತು. ಅದನ್ನು ಅಣಕಿಸಬೇಡಿರಿ, ಊರಿನ ಹೆಸರಿಟ್ಟು ಕರೆಯಬೇಡಿರಿ. ಅವರ ಹೆಸರನ್ನು ಕೇಳಿ ಸರಿಯಾಗಿ ಉಚ್ಚರಿಸಲು ಕಲಿಯಿರಿ. ನಿಮ್ಮ ಬೆಂಚಿನಲ್ಲಿ ಒಂದು ಗೇಣು ಸರಿದು ಜಾಗ ಕೊಡಿರಿ. ಮಧ್ಯಾಹ್ನದ ಊಟಕ್ಕೆ ನಿಮ್ಮ ಸಾಲಿನಲ್ಲಿ ಕೂರಿಸಿಕೊಳ್ಳಿರಿ. ಅದೇ ಹೊತ್ತಿಗೆ ಪುಣೆಯಲ್ಲೋ ಮುಂಬಯಿಯಲ್ಲೋ ನಮ್ಮ ಮಕ್ತಲಿನ ಒಂದು ಮಗು ಅಂಥದೇ ಒಂದು ತರಗತಿಯ ಬಾಗಿಲಲ್ಲಿ ನಿಂತಿರುತ್ತದೆ. ಅಲ್ಲಿಯ ಮಕ್ಕಳು ಅದಕ್ಕೆ ಏನು ಮಾಡಬೇಕೆಂದು ನೀವು ಬಯಸುವಿರೋ ಅದನ್ನೇ ಇಲ್ಲಿ ಮಾಡಿರಿ.